ಹುಲಿಗೇಶ ಕಿತ್ತ ಪೈಪುಗಳು

ರಾಯಚೂರಿನ ಲಿಂಗಸುಗೂರು ರಸ್ತೆಯಲ್ಲಿ, ಒಂದು ಅಕ್ಕಿ ಗಿರಣಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ತಗಡಿನ ಶೆಡ್ಡೇ ಹುಲಿಗೇಶನ ಗ್ಯಾರೇಜು. ಬೋರ್ಡಿನ ಮೇಲೆ ಅವನ ಮಗಳ ಹೆಸರಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಪಕ್ಕದ ಅಂಗಡಿಯವರೂ ತಲೆ ಕೆರೆದುಕೊಳ್ಳುತ್ತಾರೆ. ‘ಪೈಪ್ ಹುಲಿಗೇಶ’ ಅಂದರೆ ಆಟೋದವರು ಬಾಗಿಲಿಗೇ ತಂದು ಇಳಿಸುತ್ತಾರೆ.

ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಗಾಡಿ ಯಾವುದೇ ಇರಲಿ, ಅದರ ಬಾನೆಟ್ ಎತ್ತಿದ ಕೂಡಲೆ ಹುಲಿಗೇಶನ ಕಣ್ಣಿಗೆ ಮೊದಲು ಬೀಳುವುದು ಬೇಡದ ಪೈಪುಗಳು. ಕಂಪನಿಯವರು ಒಂದು ಇಂಜಿನ್ನಿಗೆ ಬೇಕಾದದ್ದರ ಎರಡು ಪಟ್ಟು ಪೈಪು ಹಾಕಿ ಕಳಿಸುತ್ತಾರೆ ಎಂದು ಅವನು ಮನಸಾರೆ ನಂಬಿದ್ದ.

“ಮನುಷ್ಯಾಗ ದೇವರು ಮೂಗಿಗೆ ಎರಡ ಹೊಳ್ಳಿ ಕೊಟ್ಟಾನ. ಅಷ್ಟರಾಗ ನಾವು ಎಂಬತ್ತು ವರ್ಷ ಉಸರಾಡ್ತೀವಿ,” ಅನ್ನುತ್ತಿದ್ದ ಗಿರಾಕಿಗಳಿಗೆ. “ಈ ಇಂಜಿನ್ನಿಗೆ ಹದಿನಾಲ್ಕು ಪೈಪ್ ಯಾಕ ಬೇಕ್ರಿ?”

ಹುಲಿಗೇಶ ಆಮೇಲೆ ಇಂಜಿನ್ನಿನ ಪಕ್ಕದಲ್ಲಿ ಅಣಬೆಯಂತೆ ಕೂತ ಒಂದು ಕಬ್ಬಿಣದ ವಾಲ್ವು ತೋರಿಸುತ್ತಿದ್ದ. “ಇದರ ಕೆಲಸ ಏನು ಗೊತ್ತೈತೇನ್ರಿ? ಇಂಜಿನ್ನು ಹೊರಗ ಬಿಟ್ಟ ಹೊಗೀನ ಮತ್ತ ಅದಕ್ಕೇ ಕುಡಸೋದು. ಉಂಡು ಕೈ ತೊಳದ ನೀರು ಯಾರರ ನಿಮಗ ಕುಡಸಿದ್ರ ಸುಮ್ಮನಿರ್ತೀರೇನು?”

ಗಿರಾಕಿ ಮುಖ ಕಿವುಚುತ್ತಿದ್ದ. ಅಲ್ಲಿಗೆ ವಾಲ್ವಿನ ಕತೆ ಮುಗಿಯುತ್ತಿತ್ತು. ಅದನ್ನು ಬಿಚ್ಚಿ, ಆ ಜಾಗಕ್ಕೆ ಆಯಿಲ್ ಡಬ್ಬಿಯ ತಗಡು ಕತ್ತರಿಸಿ ಹಾಕಿ, ಅದಕ್ಕೆ ಗಾಳಿ ಎಳೆಯುತ್ತಿದ್ದ ಸಣ್ಣ ಸಣ್ಣ ಕರಿ ರಬ್ಬರ್ ಪೈಪುಗಳನ್ನೆಲ್ಲ ಕಿತ್ತು, ತೂತುಗಳಿಗೆ ಬೋಲ್ಟು ಜಡಿದು ಬಾನೆಟ್ ಮುಚ್ಚುತ್ತಿದ್ದ. ಬ್ರೇಕಿಗೆ ಹೋಗುವ ದಪ್ಪ ಪೈಪು ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಷ್ಟು ದೇವರ ಭಯ ಇತ್ತು. ಕೊನೆಗೆ ಡೀಸೆಲ್ ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುವುತ್ತಿದ್ದ. ಗಾಡಿ ಕಟ್ಟು ಬಿಚ್ಚಿದ ಹೋರಿಯ ಹಾಗೆ ಓಡುತ್ತಿತ್ತು. ಹಿಂದೆ ಕರಿ ಹೊಗೆ ಬರುತ್ತಿತ್ತು ನಿಜ, ಆದರೆ ಗಾಡಿ ಓಡಿಸುವವನು ಹಿಂದೆ ನೋಡುವುದು ಕಡಿಮೆ.

ಹುಲಿಗೇಶ ಮೋಸಗಾರನಲ್ಲ. ಕಿತ್ತ ಸಾಮಾನನ್ನು ಗುಜರಿಗೆ ಹಾಕಿದವನೂ ಅಲ್ಲ. ‘ಕಂಪನಿ ಮಾಲು, ಯಾವುದಕ್ಕಾದರೂ ಬರುತ್ತದೆ’ ಎಂದು ಕಂಡಕಂಡವರಿಗೆ ಪ್ರಸಾದದಂತೆ ಹಂಚುತ್ತಿದ್ದ. ಅವನ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವೂ ರಬ್ಬರ್ ಪೈಪೇ. ಮೂರು ಗಾಡಿಯ ಪೈಪುಗಳನ್ನು ಗಂಟು ಹಾಕಿ ಮಾಡಿದ್ದು.

ಹುಲಿಗೇಶನ ಹೆಂಡತಿ ಮೌನೇಶ್ವರಿ. ಅವಳ ಅಪ್ಪ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡಿ ಮಕ್ಕಳನ್ನು ಓದಿಸಿದವನು. ಅಣ್ಣಂದಿರಿಬ್ಬರೂ ಮೇಷ್ಟ್ರು. ಇವಳು ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತಿದ್ದಳು, ಆದರೆ ಮಗಳು ದೊಡ್ಡವಳಾಗುವವರೆಗೆ ಅದು ಪೆಟ್ಟಿಗೆಯೊಳಗಿನ ಸರ್ಟಿಫಿಕೇಟಾಗಿಯೇ ಉಳಿದಿತ್ತು. ಎರಡು ವರ್ಷದ ಹಿಂದೆ ಊರಾಚೆಯ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಹೊಗೆ ತಪಾಸಣೆ ಕೇಂದ್ರ ಶುರುವಾಯಿತು. ಕಂಪ್ಯೂಟರ್ ಬರುವವರು ಬೇಕೆಂದಾಗ ಮೌನೇಶ್ವರಿ ಹೋಗಿ ಸೇರಿಕೊಂಡಳು. ಗಾಡಿಯ ಸೈಲೆನ್ಸರಿಗೆ ಮಷೀನಿನ ನಳಿಕೆ ತೂರಿಸುವುದು, ಡ್ರೈವರಿಗೆ ಎಕ್ಸಿಲೇಟರ್ ಒತ್ತಲು ಹೇಳುವುದು, ನಂಬರ್ ಪ್ಲೇಟಿನ ಫೋಟೋ ಹೊಡೆಯುವುದು, ಪಾಸಾದರೆ ಸರ್ಟಿಫಿಕೇಟ್ ತೆಗೆದು ಕೊಡುವುದು ಅವಳ ಕೆಲಸ. ಎರಡು ದಿನದ ತರಬೇತಿಗೂ ಹೋಗಿ ಬಂದಿದ್ದಳು. ಅಲ್ಲಿ ಕೊಟ್ಟ ಪುಸ್ತಕಕ್ಕೆ ಬೈಂಡು ಹಾಕಿಸಿ ಇಟ್ಟುಕೊಂಡಿದ್ದಳು.

ಹೀಗೆ ಒಂದೇ ಮನೆಯಲ್ಲಿ ಹೊಗೆ ಹೆಚ್ಚಿಸುವವನೂ ಹೊಗೆ ಅಳೆಯುವವಳೂ ಒಂದೇ ಒಲೆಯ ರೊಟ್ಟಿ ತಿಂದುಕೊಂಡು ನೆಮ್ಮದಿಯಾಗಿದ್ದರು. ಹುಲಿಗೇಶ ಹೆಂಡತಿಯ ಕೆಲಸವನ್ನು ಫೋಟೋ ಸ್ಟುಡಿಯೋದ ಕೆಲಸ ಅಂದುಕೊಂಡಿದ್ದ. ಅವನ ಗಿರಾಕಿಗಳು ಅವಳ ಮಷೀನಿನ ಮುಂದೆ ಬಂದು ನಿಂತಿರಲಿಲ್ಲ. ಬಂದು ನಿಂತವರಲ್ಲಿ ಮೊದಲನೆಯವರು ಬಸವಂತಮ್ಮ ಟೀಚರು.

ಬಸವಂತಮ್ಮ ನಿವೃತ್ತ ಹೆಡ್‌ಮಿಸ್ಸು. ಅರವತ್ತೆಂಟು ವರ್ಷ, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಇಳಕಲ್ ಸೀರೆ. ಮಾನ್ವಿಯಲ್ಲಿ ಶಾಲೆ ಕಲಿಸುವಾಗ ನಾಲ್ಕನೇ ಇಯತ್ತೆಯಲ್ಲಿ ಹುಲಿಗೇಶನೂ ಅವರ ಕೈಯಲ್ಲಿ ಮಗ್ಗಿ ಒಪ್ಪಿಸಿದವನು. ಈಗ ದೇವದುರ್ಗದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡಿದ್ದರು. ಐವತ್ಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಏಳು ಜನ ಕೂರುವ ಒಂದು ಡೀಸೆಲ್ ಗಾಡಿ ತೆಗೆದುಕೊಂಡವರು, ಇವತ್ತಿಗೂ ಅದನ್ನು ತಾವೇ ಓಡಿಸುತ್ತಾರೆ. ಎದುರಿಗೆ ಲಾರಿ ಬಂದರೆ ಅದು ಪಕ್ಕಕ್ಕೆ ಸರಿಯುವವರೆಗೆ ದಿಟ್ಟಿಸಿ ನೋಡುತ್ತಾರೆ.

ಹೋದ ವರ್ಷ ಗಾಡಿ ಏರಿನಲ್ಲಿ ಎಳೆಯುವುದಿಲ್ಲ ಎಂದು ಹಳೆಯ ವಿದ್ಯಾರ್ಥಿಯ ಗ್ಯಾರೇಜಿಗೆ ತಂದಿದ್ದರು. ಹುಲಿಗೇಶ ಮೂಗಿನ ಹೊಳ್ಳೆಯ ಪಾಠ ಒಪ್ಪಿಸಿ, ಅಣಬೆ ವಾಲ್ವು ತೆಗೆದು, ಸಣ್ಣ ಪೈಪುಗಳನ್ನೆಲ್ಲ ಕಿತ್ತು ಬೋಲ್ಟು ಜಡಿದ. ಗಾಡಿ ಚೆನ್ನಾಗಿ ಎಳೆಯಿತು. ಆದರೆ ಕೀಲಿ ತಿರುವಿ ಕೈಗೆ ತೆಗೆದುಕೊಂಡರೂ ಇಂಜಿನ್ನು ನಿಲ್ಲಲಿಲ್ಲ.

ಆ ಗಾಡಿಯಲ್ಲಿ ಕೀಲಿ ತಿರುವಿದರೆ ಇಂಜಿನ್ ನಿಲ್ಲಿಸುತ್ತಿದ್ದದ್ದು ಆ ಸಣ್ಣ ಪೈಪುಗಳಲ್ಲಿ ಒಂದು. ಅದು ಗಾಳಿ ಎಳೆದು ಡೀಸೆಲ್ ಪಂಪಿನ ಬಾಯಿ ಮುಚ್ಚುತ್ತಿತ್ತು. ಯಾವುದು ಎಂದು ಹುಲಿಗೇಶನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಟೀಚರ ಮುಂದೆ ಹೇಳುವ ಧೈರ್ಯವೂ ಇರಲಿಲ್ಲ. ಪಂಪಿನ ಮೇಲಿನ ಸಣ್ಣ ಲಿವರಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿ, ಮುಂದಿನ ಜಾಲರಿಯಿಂದ ಹೊರಗೆ ತಂದು, ಅದರ ತುದಿಗೆ ಒಂದು ಹಳೆಯ ಕೊಡೆಯ ಹಿಡಿಕೆ ಸಿಕ್ಕಿಸಿದ.

“ಇಳಿದು ಮುಂದ ಬಂದು ಇದನ್ನ ಎಳೀರಿ ಟೀಚರ್, ನಿಲ್ತದ. ಕಳ್ಳಗ ಗೊತ್ತಾಗಂಗಿಲ್ಲ, ಅದಕ ಮಾಡೀನಿ,” ಅಂದ.

ಬಸವಂತಮ್ಮ ನಂಬಿದರು. ಒಂದು ವರ್ಷ ದೇವದುರ್ಗದ ಜನ ಟೀಚರು ಗಾಡಿಯಿಂದ ಇಳಿದು, ಸೆರಗು ಸರಿ ಮಾಡಿಕೊಂಡು, ಗಾಡಿಯ ಮುಂದೆ ಹೋಗಿ ಅದರ ಮೂಗಿನಿಂದ ಕೊಡೆಯ ಹಿಡಿಕೆ ಎಳೆಯುವುದನ್ನು ನೋಡಿದರು. ಒಮ್ಮೆ ಶಿಕ್ಷಕರ ಸನ್ಮಾನದ ದಿನ ಎಳೆಯುವುದನ್ನು ಮರೆತರು. ಒಳಗೆ ಭಾಷಣ ನಡೆದಿದ್ದ ಒಂದೂವರೆ ತಾಸು ಹೊರಗೆ ಗಾಡಿ ಗುಡುಗುಡು ಅನ್ನುತ್ತಲೇ ಇತ್ತು. ಮೈಕಿನಲ್ಲಿ ‘ಯಾರದೋ ಗಾಡಿ ಚಾಲೂ ಅದ’ ಎಂದು ಕೂಗಿದಾಗ ಬಸವಂತಮ್ಮ ಪರ್ಸಿನಿಂದ ಕೀಲಿ ತೆಗೆದು ಎತ್ತಿ ತೋರಿಸಿ, “ನಂದಲ್ಲ, ಕೀಲಿ ಇಲ್ಲೇ ಅದ,” ಅಂದು ಕೂತರು. ಹೊರಗೆ ಬಂದು ನೋಡಿದರೆ ಶಾಲು ಹೊದ್ದ ಅಧ್ಯಕ್ಷರು ಅದೇ ಗಾಡಿಯ ಹೊಗೆಯಲ್ಲಿ ನಿಂತು ಕೆಮ್ಮುತ್ತಿದ್ದರು.

ಈ ವರ್ಷ ಗಾಡಿಗೆ ಹದಿನೈದು ತುಂಬಿತು. ಮತ್ತೆ ನೋಂದಣಿ ಆಗಬೇಕು. ಅದಕ್ಕೆ ಹೊಗೆಯ ಸರ್ಟಿಫಿಕೇಟ್ ಬೇಕು. ಒಂದು ಗುರುವಾರ ಬೆಳಿಗ್ಗೆ ಬಸವಂತಮ್ಮ ರಾಯಚೂರಿಗೆ ಬಂದು ಮೌನೇಶ್ವರಿಯ ಮಷೀನಿನ ಮುಂದೆ ಗಾಡಿ ನಿಲ್ಲಿಸಿದರು.

ಮೌನೇಶ್ವರಿ ನಳಿಕೆ ತೂರಿಸಿದಳು. “ಜೋರ್ ಒತ್ರಿ ಅಮ್ಮಾ,” ಅಂದಳು. ಬಸವಂತಮ್ಮ ಒತ್ತಿದರು. ಬಂಕಿನ ಹಿಂದಿನ ಬೇವಿನ ಗಿಡದ ಗುಬ್ಬಿಗಳೆಲ್ಲ ಒಮ್ಮೆಗೇ ಎದ್ದು ಹೋದವು. ಪರದೆಯ ಮೇಲೆ ಎಂಬತ್ತೊಂದು ಎಂದು ಬಂತು.

ಬಸವಂತಮ್ಮ ಕಿಟಕಿಯಿಂದ ಇಣುಕಿ ಅಂಕಿ ನೋಡಿದರು. ಮುಖ ಅರಳಿತು. “ಎಂಬತ್ತೊಂದು. ಪರವಾಗಿಲ್ಲ, ಹದಿನೈದು ವರ್ಷದ ಗಾಡಿ.”

“ಅಮ್ಮಾ, ಇಲ್ಲಿ ಕಡಿಮಿ ಬಂದವರು ಪಾಸು. ಅರವತ್ತೈದರ ಒಳಗ ಇರಬೇಕು.”

“ಅಂದ್ರ?”

“ಫೇಲ್ ಆಗ್ಯಾದ್ರಿ.”

ಬಸವಂತಮ್ಮನ ಜೀವನದಲ್ಲಿ ಆ ಮಾತನ್ನು ಬೇರೆಯವರಿಗೆ ಹೇಳಿ ಗೊತ್ತಿತ್ತೇ ಹೊರತು ಕೇಳಿ ಗೊತ್ತಿರಲಿಲ್ಲ. ಪರದೆಯ ಅಂಕಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಇಳಿದು, ಮುಂದೆ ಹೋಗಿ, ಕೊಡೆಯ ಹಿಡಿಕೆ ಎಳೆದರು. ಮೌನೇಶ್ವರಿ ಅದನ್ನು ನೋಡಿದಳು. ಬಾನೆಟ್ ಎತ್ತಲು ಹೇಳಿದಳು. ಒಳಗೆ ಆಯಿಲ್ ಡಬ್ಬಿಯ ತಗಡು, ಅದರ ಮೇಲೆ ಅರ್ಧ ಉಳಿದ ಕಂಪನಿ ಹೆಸರು, ಸಾಲಾಗಿ ಜಡಿದ ಬೋಲ್ಟುಗಳು. ಇಂಥ ಬೋಲ್ಟುಗಳನ್ನು ಅವಳು ತನ್ನ ಮನೆಯ ಅಡುಗೆ ಕಟ್ಟೆಯ ಮೇಲೆ ದಿನಾ ಸರಿಸಿ ರೊಟ್ಟಿ ಬಡಿಯುತ್ತಿದ್ದಳು.

“ಇದನ್ನ ಯಾರು ಮಾಡಿದ್ರಮ್ಮಾ?” ಗೊತ್ತಿದ್ದೂ ಕೇಳಿದಳು.

“ಹುಲಿಗೇಶ ಅಂತ. ನನ್ನ ವಿದ್ಯಾರ್ಥಿ. ಸ್ವಲ್ಪ ದಡ್ಡ, ಆದ್ರ ಒಳ್ಳೆಯಂವ.”

ಅವನು ತನ್ನ ಗಂಡ ಎಂದು ಮೌನೇಶ್ವರಿ ಹೇಳಲಿಲ್ಲ. ಟೀಚರ ಮಾತಿನಲ್ಲಿ ತಿದ್ದಬೇಕಾದದ್ದು ಏನೂ ಅವಳಿಗೆ ಕಾಣಲಿಲ್ಲ. “ತಗದದ್ದನ್ನೆಲ್ಲ ವಾಪಸ್ ಹಾಕಿಸಿಕೊಂಡು ಬರ್ರಿ. ನೋಂದಣಿ ಆಫೀಸಿನವರೂ ಬಾನೆಟ್ ಎತ್ತಿ ನೋಡ್ತಾರ,” ಅಂದಳಷ್ಟೆ.

ಮಧ್ಯಾಹ್ನ ಹುಲಿಗೇಶ ಊಟಕ್ಕೆ ಮನೆಗೆ ಬಂದ. ಅವತ್ತು ಅರ್ಧ ದಿನದ ರಜೆ ಹಾಕಿ ಬಂದಿದ್ದ ಮೌನೇಶ್ವರಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತಳು. ಅವಳು ಎದುರಿಗೆ ಕೂತರೆ ಏನೋ ಇದೆ ಎಂದು ಅವನಿಗೆ ಗೊತ್ತು.

“ಬಸವಂತಮ್ಮ ಟೀಚರ್ ಗಾಡಿ ಇವತ್ತು ನನ್ನ ಹತ್ರ ಬಂದಿತ್ತು.”

“ಪಾಸ್ ಮಾಡಿದಿಲ್ಲೋ?”

“ಎಂಬತ್ತೊಂದು ಬಂತು.”

“ಮಷೀನು ಕೆಟ್ಟಿರಬೇಕು.”

“ಮಷೀನು ಹೊಸದು.”

ಹುಲಿಗೇಶ ಒಂದು ತುತ್ತು ನುಂಗಿದ. “ಅಲ್ಲ, ಒಂದ ಸಲ ನೋಡಿದಂಗ ಮಾಡಿ ಅರವತ್ತು ಅಂತ ಬರದುಬಿಡು. ನಾ ಅವರ ಹತ್ರ ಮಗ್ಗಿ ಕಲ್ತಂವ.”

“ಬರಿಯೋದು ನಾನಲ್ಲ, ಮಷೀನು. ಬಂದ ಅಂಕಿ ನೆಟ್ಟಗ ಸರಕಾರಕ್ಕ ಹೋಗ್ತದ,” ಅಂದಳು ಮೌನೇಶ್ವರಿ. “ನೀ ಕಿತ್ತೀದಿ, ನೀನ ಹಾಕು.”

ಹುಲಿಗೇಶ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟ. ಹದಿನೆಂಟು ವರ್ಷದ ಗ್ಯಾರೇಜಿನಲ್ಲಿ ಅವನಿಗೆ ಯಾರೂ ಹಾಕು ಅಂದಿರಲಿಲ್ಲ.

ಅವನು ಗ್ಯಾರೇಜಿಗೆ ಹೋದಾಗ ಟೀಚರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಹುಲಿಗೇಶ ನಮಸ್ಕಾರ ಮಾಡಿ ನಿಂತ. ಕೈ ತಾನಾಗಿಯೇ ಹಿಂದೆ ಹೋಯಿತು, ನಾಲ್ಕನೇ ಇಯತ್ತೆಯಲ್ಲಿ ಹೋಗುತ್ತಿದ್ದ ಹಾಗೆ.

“ನನ್ನ ಗಾಡಿ ಸಾಮಾನು ಎಲ್ಲ್ಯದ?” ಎಂದರು ಬಸವಂತಮ್ಮ.

“ಅದಾವ್ರಿ ಟೀಚರ್. ಸ್ವಲ್ಪ ಹಂಚಿ ಹೋಗ್ಯಾವ.”

“ಹಂಚಿ ಹೋಗ್ಯಾವ ಅಂದ್ರ?”

ಹುಲಿಗೇಶ ನೆನಪು ಮಾಡಿಕೊಂಡು ಹೇಳಿದ. ಸಣ್ಣ ಪೈಪುಗಳು ಪಕ್ಕದ ಮೊಬೈಲ್ ಅಂಗಡಿಯ ವಲಿ ಪಾಷಾನ ಹತ್ತಿರ. ಅಣಬೆ ವಾಲ್ವು ಮಾನ್ವಿಯಲ್ಲಿ ಮೌಲಾಹುಸೇನ್ ಉಸ್ತಾದರ ಮನೆಯಲ್ಲಿ. ಗಾಳಿ ಹಿಡಿದಿಡುವ ಕರಿ ಪ್ಲಾಸ್ಟಿಕ್ ಬುಡ್ಡಿ ಒಂದಿತ್ತು, ಅದು ಯಾರ ಹತ್ತಿರ ಹೋಯಿತೋ ಮರೆತಿದೆ.

“ನಡಿ, ಒಂದೊಂದಾಗಿ ತರೋಣ,” ಅಂದು ಬಸವಂತಮ್ಮ ಎದ್ದರು.

ವಲಿ ಪಾಷಾನ ಅಂಗಡಿಯಲ್ಲಿ ಗಾಜಿನ ತೊಟ್ಟಿಯೊಂದಿತ್ತು, ಅದರಲ್ಲಿ ನಾಲ್ಕು ಕೆಂಪು ಮೀನು. ನೀರಿಗೆ ಗಾಳಿ ಊದುವ ಪುಟ್ಟ ಯಂತ್ರದಿಂದ ತೊಟ್ಟಿಗೆ ಇಳಿದಿದ್ದ ಪೈಪು ಬಸವಂತಮ್ಮನ ಗಾಡಿಯದು. ಒಂದು ವರ್ಷದಿಂದ ಬುಳುಬುಳು ಅನ್ನುತ್ತಿತ್ತು. ಉಳಿದ ಪೈಪುಗಳು ಕೌಂಟರಿನ ಕೆಳಗೆ ಸುತ್ತಿಕೊಂಡು ಬಿದ್ದಿದ್ದವು.

“ಭಾಯಿ, ಉಳಿದದ್ದೆಲ್ಲ ಒಯ್ಯಿ. ಇದನ್ನ ತಗದ್ರ ಮೀನು ಸಾಯ್ತಾವ,” ಅಂದ ವಲಿ ಪಾಷಾ.

“ತಗೀದಿದ್ರ ಟೀಚರ್ ನನ್ನ ಸಾಯಸ್ತಾರ,” ಅಂದ ಹುಲಿಗೇಶ ಮೆಲ್ಲಗೆ.

ಬಸವಂತಮ್ಮ ಮೀನುಗಳನ್ನು ಬಗ್ಗಿ ನೋಡಿದರು. ಜೀವ ತೆಗೆಯುವುದು ಅವರಿಗೂ ಬೇಡವಾಗಿತ್ತು. ಹುಲಿಗೇಶನನ್ನು ಓಡಿಸಿ ಬಜಾರಿನಿಂದ ಹೊಸ ಪೈಪು ತರಿಸಿ, ಅದನ್ನು ತೊಟ್ಟಿಗೆ ಹಾಕಿಸಿ, ಗುಳ್ಳೆ ಬರುವುದನ್ನು ಕಣ್ಣಾರೆ ನೋಡಿ, ಆಮೇಲೆ ಹಳೆಯದನ್ನು ಒಂದು ಚೀಲಕ್ಕೆ ಹಾಕಿಕೊಂಡರು. ಪೈಪಿನ ಒಳಗೆ ಹಸಿರು ಪಾಚಿ ಕಟ್ಟಿತ್ತು. “ತೊಳದು ಹಾಕಬೇಕು,” ಅಂದರು ಬಸವಂತಮ್ಮ.

ಮರುದಿನ ಬೆಳಿಗ್ಗೆ ಇಬ್ಬರೂ ಮಾನ್ವಿಗೆ ಹೊರಟರು. ಗಾಡಿ ಟೀಚರೇ ಓಡಿಸಿದರು. ಕಲ್ಮಲ ದಾಟುವವರೆಗೆ ಹುಲಿಗೇಶ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಿದ್ದ. ಗಾಡಿ ಒಂದೇ ಸಮನೆ ಕರಿ ಹೊಗೆ ಬಿಡುತ್ತಿತ್ತು. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಮುಖಕ್ಕೆ ಟವೆಲು ಸುತ್ತಿಕೊಂಡು, ಅದೂ ಸಾಲದೆ ಗಾಡಿ ನಿಲ್ಲಿಸಿ, ಇವರು ದೂರ ಹೋಗಲಿ ಎಂದು ಕಾಯುತ್ತ ನಿಂತ. ಗ್ಯಾರೇಜಿನಲ್ಲಿ ನಿಂತು ಎಕ್ಸಿಲೇಟರ್ ಒತ್ತುವಾಗ ಅಷ್ಟು ಹೊಗೆ ಇದೆ ಎಂದು ಹುಲಿಗೇಶನಿಗೆ ಕಂಡಿರಲಿಲ್ಲ. ಟೀಚರು ಕೇಳುತ್ತಾರೇನೋ ಎಂದು ಕನ್ನಡಿಯಿಂದ ಕಣ್ಣು ಕಿತ್ತು ಮುಂದೆ ನೋಡಿದ.

ಮೌಲಾಹುಸೇನ್ ಉಸ್ತಾದರು ಮಾನ್ವಿಯ ಹಳೆಯ ಟ್ರ್ಯಾಕ್ಟರ್ ಮಿಸ್ತ್ರಿ. ಈಗ ವಯಸ್ಸಾಗಿ ಕೆಲಸ ಬಿಟ್ಟಿದ್ದರು, ಮನೆಯ ಮುಂದೆ ಹೊರಸಿನ ಮೇಲೆ ಮಲಗಿರುತ್ತಿದ್ದರು. ಹುಲಿಗೇಶ ಹದಿನೇಳು ವರ್ಷದವನಿದ್ದಾಗ ಅವರ ಹತ್ತಿರವೇ ಪಾನಾ ಹಿಡಿದು ಬೋಲ್ಟು ಬಿಚ್ಚಲು ಕಲಿತದ್ದು. ವರ್ಷಕ್ಕೊಮ್ಮೆ ಏನಾದರೊಂದು ಒಯ್ದು ಕೊಟ್ಟು ಕಾಲು ಮುಟ್ಟಿ ಬರುತ್ತಿದ್ದ. ಹೋದ ಸಲ ಒಯ್ದದ್ದು ಆ ವಾಲ್ವು.

ಮನೆಯ ಮುಂದೆ ಗಾಡಿ ನಿಂತಿತು. ಹುಲಿಗೇಶ ಮರ್ಯಾದೆಗೆ ತಾನೇ ಇಳಿದು ಕೊಡೆಯ ಹಿಡಿಕೆ ಎಳೆದ. ಹಿಡಿಕೆ, ಒಂದು ಗೇಣು ತಂತಿಯ ಸಮೇತ, ಅವನ ಕೈಗೆ ಬಂತು. ಇಂಜಿನ್ನು ನಡೆದೇ ಇತ್ತು.

ಗದ್ದಲಕ್ಕೆ ಉಸ್ತಾದರು ಎದ್ದರು. ಟೀಚರನ್ನು ಕಂಡು ಸಲಾಂ ಹೇಳಿ, ಶಿಷ್ಯನ ಕೈಯಲ್ಲಿದ್ದ ಹಿಡಿಕೆ ನೋಡಿ, ಏನೂ ಕೇಳದೆ ಬಾನೆಟ್ ಎತ್ತಿಸಿದರು. ಒಂದು ಬೆರಳಿನಿಂದ ಪಂಪಿನ ಲಿವರ್ ಒತ್ತಿದರು. ಇಂಜಿನ್ನು ನಿಂತಿತು. ಬೀದಿಯೆಲ್ಲ ತಣ್ಣಗಾಯಿತು.

“ಇದನ್ನ ಯಾವ ಮಿಸ್ತ್ರಿ ಮಾಡ್ಯಾನ?” ಅಂದರು ಉಸ್ತಾದರು, ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟುತ್ತ.

ಬಸವಂತಮ್ಮ ಹುಲಿಗೇಶನ ಕಡೆ ತೋರಿಸಿದರು.

ಉಸ್ತಾದರು ಹೊರಸಿನ ಮೇಲೆ ಕೂತು ಬಹಳ ಹೊತ್ತು ನಕ್ಕರು. ಕೆಮ್ಮು ಬಂತು, ನೀರು ಕುಡಿದರು, ಮತ್ತೆ ನಕ್ಕರು. “ಅಮ್ಮಾ, ತಪ್ಪು ಇವಂದಲ್ಲ. ನಮ್ಮ ಹತ್ರ ಮೊದಲ ಎರಡ ವರ್ಷ ಬಿಚ್ಚೋದು ಕಲಸ್ತೀವಿ, ಆಮ್ಯಾಲ ಎರಡ ವರ್ಷ ಕಟ್ಟೋದು. ಈ ಮಿಯಾ ಎರಡ ವರ್ಷ ಆಗಿದ್ದೇ ತಡ, ಎಲ್ಲಾ ಬಂತು ಅಂತ ರಾಯಚೂರಿಗೆ ಹೋದ.”

ಹುಲಿಗೇಶ ನೆಲ ನೋಡಿದ. ಅವನು ಮಾನ್ವಿ ಬಿಟ್ಟದ್ದು ನಿಜ. ರಾಯಚೂರಿನಲ್ಲಿ ಮೊದಲು ಬೇರೆಯವರ ಗ್ಯಾರೇಜಿನಲ್ಲಿ ದುಡಿದ, ಅಲ್ಲಿಯೂ ಅವನಿಗೆ ಬಿಚ್ಚುವ ಕೆಲಸವೇ ಕೊಡುತ್ತಿದ್ದರು, ಯಾಕೆಂದರೆ ಅವನಷ್ಟು ಬೇಗ ಬಿಚ್ಚುವವರು ಇನ್ನೊಬ್ಬರಿರಲಿಲ್ಲ. ಮತ್ತೆ ಕಟ್ಟುವಾಗ ಯಾವಾಗಲೂ ನಾಲ್ಕಾರು ಸಾಮಾನು ಕೈಯಲ್ಲಿ ಉಳಿಯುತ್ತಿದ್ದವು. ಉಳಿದದ್ದು ಬೇಡವಾದದ್ದೇ ಇರಬೇಕು ಎಂದು ಅವನು ಆಗಿನಿಂದಲೂ ನಂಬಿಕೊಂಡು ಬಂದಿದ್ದ. ಇವತ್ತು ಮೊದಲ ಸಲ, ತಪ್ಪು ಸಾಮಾನಿನದಲ್ಲವೇನೋ ಅನ್ನಿಸಿತು.

ಒಳಗೆ ಅಣಬೆ ವಾಲ್ವು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕೂತಿತ್ತು. ಬೆಕ್ಕು ಮುಚ್ಚಳ ತೆಗೆಯದಂತೆ ಉಸ್ತಾದರ ಹೆಂಡತಿ ಇಟ್ಟದ್ದು. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬೆಳ್ಳಿಯ ಹಾಗೆ ಮಾಡಿದ್ದರು. ಕೊಡುವಾಗ ಅವರಿಗೆ ಮನಸ್ಸೇ ಇರಲಿಲ್ಲ. ಬಸವಂತಮ್ಮ ಗಾಡಿಯ ಹಿಂದಿನಿಂದ ಒಂದು ದುಂಡನೆಯ ಕಲ್ಲು ತೆಗೆದು ಕೊಟ್ಟರು. ಏರಿನಲ್ಲಿ ಗಾಲಿಗೆ ಇಡಲು ಅವರು ಅದನ್ನು ಇಟ್ಟುಕೊಂಡಿದ್ದರು. ಬೆಕ್ಕು ಮೂಲೆಯಲ್ಲಿ ಕೂತು ಈ ಬದಲಾವಣೆಯನ್ನು ಗಮನವಿಟ್ಟು ನೋಡಿತು.

ಉಳಿದದ್ದು ಕರಿ ಬುಡ್ಡಿ. ಹುಲಿಗೇಶ ಸಿರವಾರ ಬರುವವರೆಗೆ ಯೋಚನೆ ಮಾಡಿದ. ಯಾರ್ಯಾರ ಹೆಸರೋ ಹೇಳಿದ. ಬಸವಂತಮ್ಮ ಒಂದೊಂದು ಹೆಸರಿಗೂ ಅವನ ಬೇಜವಾಬ್ದಾರಿಯ ಬಗ್ಗೆ ಒಂದೊಂದು ಮಾತು ಹೇಳಿದರು. ಕೊಟ್ಟ ವಸ್ತು ಎಲ್ಲಿಟ್ಟೆ ಎಂದು ಗೊತ್ತಿರದವನು ಮನುಷ್ಯನೇ ಅಲ್ಲ, ತಮ್ಮ ಮನೆಯಲ್ಲಿ ಸೂಜಿಗೂ ಒಂದು ಜಾಗ ಇದೆ, ಮೂವತ್ತೈದು ವರ್ಷ ಶಾಲೆಯ ಒಂದು ಸೀಮೆಸುಣ್ಣ ಲೆಕ್ಕ ತಪ್ಪಿಲ್ಲ, ಹೀಗೆ. ಹುಲಿಗೇಶ ‘ಹೌದ್ರಿ ಟೀಚರ್’ ಅನ್ನುತ್ತ ಕೂತ.

ಊಟದ ಹೊತ್ತಾಗಿತ್ತು. ದೇವದುರ್ಗದ ತಮ್ಮ ಮನೆಯಲ್ಲಿ ಉಂಡು ಆಮೇಲೆ ಹುಡುಕೋಣ ಎಂದು ಬಸವಂತಮ್ಮ ಗಾಡಿ ತಿರುಗಿಸಿದರು. ಅವರ ಮನೆಯಲ್ಲಿ ಅಡುಗೆ, ಪಾತ್ರೆ ಎಲ್ಲ ವೆಂಕಮ್ಮ ಎಂಬಾಕೆ ನೋಡಿಕೊಳ್ಳುತ್ತಿದ್ದಳು. ಹುಲಿಗೇಶ ಕೈ ತೊಳೆಯಲು ಹಿತ್ತಲಿಗೆ ಹೋದ. ವೆಂಕಮ್ಮ ಬಟ್ಟೆ ಒಗೆಯುತ್ತಿದ್ದಳು. ಅವಳ ಪಕ್ಕದಲ್ಲಿ ಒಂದು ಕರಿ ಬುಡ್ಡಿ, ಅದರ ಮೇಲುಭಾಗ ಒಪ್ಪವಾಗಿ ಕೊಯ್ದು ಸೋಪಿನ ಪುಡಿ ತುಂಬಿತ್ತು.

ಹುಲಿಗೇಶ ಬುಡ್ಡಿಯನ್ನು ನೋಡಿದ. ಹಿಂದಿನಿಂದ ಟವೆಲು ತಂದ ಬಸವಂತಮ್ಮ ಹುಲಿಗೇಶನನ್ನು ನೋಡಿದರು, ಆಮೇಲೆ ಬುಡ್ಡಿಯನ್ನು.

“ವೆಂಕಮ್ಮ, ಇದು ಎಲ್ಲಿಂದ ಬಂತು?” ಅಂದರು.

“ನೀವ ಕೊಟ್ಟೀರಲ್ರೀ ಯವ್ವಾ. ಹ್ವಾದ ವರ್ಷ ಗಾಡಿ ರಿಪೇರಿ ಮಾಡಿಸಿಕೊಂಡು ಬಂದ್ರಿ ನೋಡ್ರಿ, ಅವತ್ತು. ಚೊಲೋ ಪ್ಲಾಸ್ಟಿಕ್ ಅದ, ಬಾಯಿ ಕೊಯ್ದು ಏನರ ಇಡು ಅಂದ್ರಿ.”

ಹುಲಿಗೇಶ ಕೈ ಬಹಳ ಚೆನ್ನಾಗಿ ತೊಳೆದುಕೊಂಡ.

“ಬಾ, ಉಣ್ಣು,” ಅಂದರು ಬಸವಂತಮ್ಮ. ಅವತ್ತು ಅವನಿಗೆ ಎರಡು ಸಲ ತುಪ್ಪ ಬಡಿಸಿದರು. ರಾಯಚೂರು ಮುಟ್ಟುವವರೆಗೆ ಬೇಜವಾಬ್ದಾರಿಯ ಮಾತು ಮತ್ತೆ ಬರಲಿಲ್ಲ.

ಬುಡ್ಡಿ ಮಾತ್ರ ಹೊಸದು ತರಬೇಕಾಯಿತು. ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಎಲ್ಲ ಸಾಮಾನು ಒಂದು ಗೋಣಿಯ ಮೇಲೆ ಹರಡಿದರು. ಹುಲಿಗೇಶ ಅವುಗಳ ಸುತ್ತ ಮೂರು ಸಲ ತಿರುಗಿದ. ಒಂದು ಪೈಪು ಎತ್ತಿಕೊಂಡು ಇಂಜಿನ್ನಿನ ಹತ್ತಿರ ಒಯ್ದ, ಅಲ್ಲಿ ಇಲ್ಲಿ ಹಿಡಿದು ನೋಡಿದ, ವಾಪಸ್ಸು ತಂದಿಟ್ಟ. ಯಾವ ಪೈಪು ಎಲ್ಲಿಯದು ಎಂದು ಒಂದಕ್ಕೂ ಗುರುತಿರಲಿಲ್ಲ.

ಅಷ್ಟರಲ್ಲಿ ಮೌನೇಶ್ವರಿ ಚಹಾದ ಥರ್ಮಾಸು, ಬೈಂಡು ಹಾಕಿಸಿದ ಪುಸ್ತಕ ಹಿಡಿದು ಬಂದಳು. ಬಸವಂತಮ್ಮ ಅವಳನ್ನು ಗುರುತು ಹಿಡಿದರು. “ನೀನು ನನ್ನ ಫೇಲ್ ಮಾಡಿದಾಕಿ ಅಲ್ಲೇನು? ಇಲ್ಲೇನು ಮಾಡಾಕತ್ತೀ?”

“ಇವರು ನನ್ನ ಹೆಂಡ್ತಿ ಟೀಚರ್,” ಅಂದ ಹುಲಿಗೇಶ. ಗಾಬರಿಯಲ್ಲಿ ಅವಳಿಗೂ ‘ಇವರು’ ಬಂದುಬಿಟ್ಟಿತ್ತು.

ಬಸವಂತಮ್ಮ ಇಬ್ಬರನ್ನೂ ಒಂದೊಂದು ಸಲ ನೋಡಿದರು. “ಅವತ್ತ ಯಾಕ ಹೇಳಲಿಲ್ಲವಾ?”

“ನೀವು ಅವರಿಗೆ ದಡ್ಡ ಅಂದ್ರಿ. ಹೇಳಿದ್ರ ನಿಮಗ ಸಂಕೋಚ ಆಕ್ಕಿತ್ತು,” ಅಂದಳು ಮೌನೇಶ್ವರಿ.

ಗಾಡಿಯ ಬಾನೆಟಿನ ಒಳಗಡೆ ಕಂಪನಿಯವರು ಪೈಪುಗಳ ನಕ್ಷೆ ಅಂಟಿಸಿರುತ್ತಾರೆ ಎಂದು ಅವಳ ಪುಸ್ತಕದಲ್ಲಿತ್ತು. ಎತ್ತಿ ನೋಡಿದರೆ ಆ ಜಾಗದಲ್ಲಿ ‘ಹುಲಿಗೇಶ ಗ್ಯಾರೇಜ್’ ಎಂಬ ಹಳದಿ ಚೀಟಿ. ಅವನೇ ಅಂಟಿಸಿದ್ದು. ಬಿಸಿನೀರು ಹಾಕಿ, ಉಗುರಿನಿಂದ ಮೆಲ್ಲಗೆ ಎಬ್ಬಿಸಿದಾಗ ಕೆಳಗೆ ನಕ್ಷೆ ಕಂಡಿತು. ಮೌನೇಶ್ವರಿ ಅದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಂಡಳು. ಆಮೇಲೆ ಅವಳು ಓದುತ್ತ ಹೋದಳು, ಅವನು ಹಾಕುತ್ತ ಹೋದ.

“ಗಾಳಿ ಪಂಪಿನಿಂದ ಬುಡ್ಡಿಗೆ.”

“ಹಾಕ್ದೆ.”

“ಬುಡ್ಡಿಯಿಂದ ವಾಲ್ವಿಗೆ.”

“ಹಾಕ್ದೆ.”

“ಕೀಲಿಯಿಂದ ಡೀಸೆಲ್ ಪಂಪಿಗೆ.”

“ಇದು ಅದಾ?” ಅಂದ ಹುಲಿಗೇಶ. ಕೈಯಲ್ಲಿದ್ದ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದ. ಮೀನಿನ ತೊಟ್ಟಿಯಲ್ಲಿ ಗುಳ್ಳೆ ಬಿಡುತ್ತಿದ್ದದ್ದು ಇದೇ ಪೈಪು.

ಎಲ್ಲ ಮುಗಿದ ಮೇಲೆ ಬಸವಂತಮ್ಮ ಕೀಲಿ ತಿರುವಿದರು. ಇಂಜಿನ್ನು ಒಮ್ಮೆ ಗುರ್ ಎಂದು ಸತ್ತಿತು. ಮತ್ತೆ ತಿರುವಿದರು, ಮತ್ತೆ ಸತ್ತಿತು. ಹುಲಿಗೇಶ ಎರಡು ಪೈಪು ಅದಲು ಬದಲು ಮಾಡಿದ್ದ. ನಿಲ್ಲಿಸುವ ಪೈಪು ಸದಾ ಎಳೆಯುತ್ತಲೇ ಇತ್ತು. ಒಂದು ವರ್ಷ ನಿಲ್ಲಲಾರದ ಗಾಡಿ ಈಗ ಏಳಲಾರದು. ಹುಲಿಗೇಶ ಹಣೆಯ ಬೆವರು ಒರೆಸಿಕೊಂಡು, “ಇದೊಂದನ್ನ ಕಿತ್ತುಬಿಟ್ರ…” ಎಂದು ಶುರುಮಾಡಿದ. ಇಬ್ಬರು ಹೆಂಗಸರೂ ಒಟ್ಟಿಗೆ ನೋಡಿದರು. ಅವನು ಮಾತು ನುಂಗಿ, ನಕ್ಷೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ಗೆರೆ ಹಿಡಿದು ಹೋದ. ಮುಕ್ಕಾಲು ತಾಸು ಹಿಡಿಯಿತು. ತಪ್ಪು ಸಿಕ್ಕಿತು. ಅದನ್ನು ಅವನೇ ಹುಡುಕಿದ.

ಗಾಡಿ ಎದ್ದಿತು. ಬಸವಂತಮ್ಮ ಕೀಲಿ ತಿರುವಿದರು. ಗಾಡಿ ನಿಂತಿತು. ಅವರಿಗೆ ನಂಬಿಕೆ ಬರದೆ ಐದಾರು ಸಲ ಎಬ್ಬಿಸಿ ನಿಲ್ಲಿಸಿದರು. ಹುಲಿಗೇಶ ಪ್ರತಿ ಸಲ ಉಸಿರು ಹಿಡಿದು, ಪ್ರತಿ ಸಲ ಬಿಟ್ಟ. ಒಂದು ಇಂಜಿನ್ನನ್ನು ಪೂರ್ತಿ ಕಟ್ಟಿ, ಕೈಯಲ್ಲಿ ಏನೂ ಉಳಿಯದೆ ನಿಂತದ್ದು ಅವನಿಗೆ ಅದೇ ಮೊದಲು. ಖಾಲಿ ಗೋಣಿಯನ್ನು ಎರಡೆರಡು ಸಲ ಝಾಡಿಸಿ ನೋಡಿದ.

ಸೋಮವಾರ ಪಂಪಿನ ಸ್ಕ್ರೂ ಮೊದಲಿನಂತೆ ತಿರುಗಿಸಿ, ಗಾಳಿ ಫಿಲ್ಟರ್ ಬದಲಿಸಿ ಮಷೀನಿಗೆ ಒಯ್ದರು. ಐವತ್ತೆಂಟು ಬಂತು. ಗಂಡನ ಮುಖ ನೋಡದೆ ಮೌನೇಶ್ವರಿ ನಂಬರ್ ಪ್ಲೇಟಿನ ಫೋಟೋ ಹೊಡೆದು ಸರ್ಟಿಫಿಕೇಟ್ ತೆಗೆದಳು. ಬಸವಂತಮ್ಮ ಅದನ್ನು ಕನ್ನಡಕ ಹಾಕಿಕೊಂಡು ಓದಿ, “ಐವತ್ತೆಂಟು ಬರೇ ಸೆಕೆಂಡ್ ಕ್ಲಾಸು,” ಅಂದು ಪರ್ಸಿನಲ್ಲಿಟ್ಟುಕೊಂಡರು. ವಾರದಲ್ಲಿ ಗಾಡಿಯ ನೋಂದಣಿಯೂ ಆಯಿತು, ಇನ್ನೈದು ವರ್ಷಕ್ಕೆ. ಏರಿನಲ್ಲಿ ಮೊದಲಿನಷ್ಟು ಎಳೆಯುವುದಿಲ್ಲ ಎಂದು ಫೋನು ಮಾಡಿ ಹೇಳಿದರು. ಬೈದದ್ದಲ್ಲ, ಸುಮ್ಮನೆ ತಿಳಿಸಿದ್ದು.

ಆಮೇಲೆ ಹುಲಿಗೇಶ ಒಂದು ಸೀಮೆಸುಣ್ಣದ ಡಬ್ಬಿ ತಂದಿಟ್ಟುಕೊಂಡ. ಏನು ಬಿಚ್ಚಿದರೂ ಬಿಚ್ಚಿದ ಎರಡೂ ಕಡೆ ಒಂದೊಂದು ಅಂಕಿ ಬರೆಯುತ್ತಾನೆ. ಮೊದಮೊದಲು ಅಂಕಿಗಳು ಎಣ್ಣೆಗೆ ಅಳಿಸಿಹೋಗಿ ಬಹಳ ಫಜೀತಿಯಾಯಿತು. ಈಗ ಬಿಳಿ ಬಣ್ಣ ಹಚ್ಚುತ್ತಾನೆ. ಜನ ಮಾತ್ರ ಇನ್ನೂ ಪೈಪ್ ಹುಲಿಗೇಶ ಎಂದೇ ಕರೆಯುತ್ತಾರೆ, ಕೀಳಿಸಲಿಕ್ಕೇ ಬರುತ್ತಾರೆ.

ಹೋದ ತಿಂಗಳು ಚಂದ್ರಬಂಡದಿಂದ ಒಬ್ಬ ರೈತ ಹೊಚ್ಚ ಹೊಸ ಗಾಡಿ ತಂದಿದ್ದ. ಸ್ಟೇರಿಂಗಿನ ಮುಂದಿನ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ, ಹೊಗೆಯ ಸಾಮಾನೆಲ್ಲ ತೆಗೆದುಬಿಡು ಅಂದ. ಹುಲಿಗೇಶ ಬಾನೆಟ್ ಎತ್ತಿದ. ಒಳಗೆ ಹದಿನಾಲ್ಕಲ್ಲ, ನಲವತ್ತು ಪೈಪಿದ್ದವು, ನಡುವೆ ಇಂಜಿನ್ನು ಎಲ್ಲಿದೆ ಎಂದು ಹುಡುಕಬೇಕಿತ್ತು. ಹುಲಿಗೇಶನ ಬೆರಳುಗಳು ಪಾನಾದ ಮೇಲೆ ಒಂದೆರಡು ಸಲ ಆಡಿದವು. ಅವನು ಆ ಬೆರಳುಗಳನ್ನು ಜೇಬಿಗೆ ಹಾಕಿಕೊಂಡ.

“ಇವೆಲ್ಲಾ ಬೇಕಾದವ ಅದಾವ್ರಿ,” ಅಂದ.

“ಹೌದಾ? ಇದು ಏನು ಮಾಡ್ತದ?” ಎಂದು ರೈತ ಒಂದು ಪೈಪು ತೋರಿಸಿದ.

ಹುಲಿಗೇಶ ಬಗ್ಗಿ ನೋಡಿದ. ಇನ್ನೊಂದು ಕಡೆಯಿಂದಲೂ ಬಗ್ಗಿ ನೋಡಿದ. ಆಮೇಲೆ ಬಾನೆಟ್ ಮೆಲ್ಲಗೆ ಇಳಿಸಿದ.

“ನಾಳೆ ಬರ್ರಿ,” ಅಂದ. “ಮನ್ಯಾಗ ಕೇಳಿ ಹೇಳ್ತೀನಿ.”